ಸಕ್ಕರೆ ಡಬ್ಬಿಯೇ ಇಲ್ಲದ ಮನೆಯಲ್ಲಿ ದಿನಕ್ಕೆ 60 ಗ್ರಾಂ: ಒಂದು ಪ್ರಕರಣ ಅಧ್ಯಯನ

ನನ್ನ ಭಾವನಿಗೆ 52 ವರ್ಷ. ಮೈಸೂರಿನಲ್ಲಿ ಮನೆ, ಶಾಲೆಯೊಂದರ ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಕುಡಿತವಿಲ್ಲ, ಸಿಗರೇಟಿಲ್ಲ, ಬೆಳಗಿನ ಅರ್ಧ ಗಂಟೆಯ ನಡಿಗೆಯನ್ನು ಮಳೆ ಬಂದರೂ ಬಿಟ್ಟವರಲ್ಲ. ಅಂಥವರ ರಕ್ತಪರೀಕ್ಷೆಯ ವರದಿಯಲ್ಲಿ, ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1 ಎಂದು ಬಂತು, ರಕ್ತದಲ್ಲಿನ ಒಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 228. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಅದು ಮಧುಮೇಹದ ಹಿಂದಿನ ಹಂತ. ಟ್ರೈಗ್ಲಿಸರೈಡ್ 150ರ ಒಳಗಿರಬೇಕು. ವೈದ್ಯರು ಚೀಟಿಯ ಕೊನೆಯಲ್ಲಿ ಬರೆದದ್ದು ಮೂರೇ ಪದ: ಸಕ್ಕರೆ ಕಡಿಮೆ ಮಾಡಿ.

ಭಾವ ಆ ಚೀಟಿಯನ್ನು ನನ್ನ ಮುಂದೆ ಹಿಡಿದು, "ನಮ್ಮ ಮನೆಗೆ ಸಕ್ಕರೆ ತರುವುದನ್ನು ನಿಲ್ಲಿಸಿ ಎರಡು ವರ್ಷವಾಯಿತು. ಇಲ್ಲದ್ದನ್ನು ಕಡಿಮೆ ಮಾಡುವುದು ಹೇಗೆ, ನೀನೇ ಹೇಳು" ಎಂದರು. ಅವರ ಮಾತಿನಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ನಾನು ಆಹಾರ ಮತ್ತು ಪೋಷಣೆ ಓದಿಕೊಂಡವನು, ಊಟದ ಬಗ್ಗೆ ಸಲಹೆ ಕೊಡುವುದೇ ನನ್ನ ಕೆಲಸ. ಒಂದು ವಾರ ಅಕ್ಕನ ಮನೆಯಲ್ಲೇ ಉಳಿದು, ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಡಿಜಿಟಲ್ ತಕ್ಕಡಿ ಇಟ್ಟುಕೊಂಡು ಮಾಡಿದ ಲೆಕ್ಕವೇ ಈ ಬರಹ. ಭಾವ ಒಪ್ಪಿದ್ದಾರೆ, ಹೆಸರು ಬೇಡ ಎಂದಿದ್ದಾರೆ.

ಭಾವ ಒಬ್ಬರೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಧುಮೇಹ ಸಮೀಕ್ಷೆಯಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನ 2023ರಲ್ಲಿ ಹೊರಬಂದಾಗ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಅದರ ಹೊಸ್ತಿಲಲ್ಲಿ ಇನ್ನೂ 13.6 ಕೋಟಿ ಜನ ನಿಂತಿದ್ದಾರೆ ಎಂದು ತಿಳಿಯಿತು. ಹೊಸ್ತಿಲಲ್ಲಿ ನಿಂತವರಿಗೆ ಹಿಂದಕ್ಕೆ ಹೆಜ್ಜೆ ಇಡುವ ಅವಕಾಶ ಇನ್ನೂ ಇರುತ್ತದೆ. ಅದಕ್ಕೇ ಈ ಪ್ರಕರಣ ನನಗೆ ಮುಖ್ಯವೆನಿಸಿತು.

ಯಾವ ಮಿತಿ, ಯಾರ ಮಿತಿ

ಮೊದಲ ಸಂಜೆ ಭಾವ ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ: "ಕಡಿಮೆ ಎಂದರೆ ಎಷ್ಟು?"

ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಚ್‌ನಲ್ಲಿ ಕೊಟ್ಟ ಉತ್ತರ ಹೀಗಿದೆ. ದಿನದ ಒಟ್ಟು ಶಕ್ತಿಯಲ್ಲಿ ಮುಕ್ತ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕೆಳಗಿಳಿದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕಿಲೋಕ್ಯಾಲೊರಿ ತಿನ್ನುವವರಿಗೆ ಶೇ. 10 ಎಂದರೆ 200 ಕಿಲೋಕ್ಯಾಲೊರಿ. ಒಂದು ಗ್ರಾಂ ಸಕ್ಕರೆಗೆ 4 ಕಿಲೋಕ್ಯಾಲೊರಿಯಂತೆ ಲೆಕ್ಕ ಹಾಕಿದರೆ 50 ಗ್ರಾಂ, ಅಂದರೆ ಸುಮಾರು 12 ಚಹಾ ಚಮಚ. ಶೇ. 5 ಎಂದರೆ ಅದರ ಅರ್ಧ, 25 ಗ್ರಾಂ. ಅಮೆರಿಕದ ಹೃದಯ ಸಂಘ 2009ರಲ್ಲೇ ಹೆಂಗಸರಿಗೆ 25 ಗ್ರಾಂ, ಗಂಡಸರಿಗೆ 36 ಗ್ರಾಂ ಎಂದು ಬೇರೆ ಬೇರೆ ಗೆರೆ ಎಳೆದಿತ್ತು. ಬ್ರಿಟನ್ ವಯಸ್ಕರಿಗೆ 30 ಗ್ರಾಂ ಎನ್ನುತ್ತದೆ. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಆಹಾರ ಮಾರ್ಗಸೂಚಿಯಲ್ಲಿ ಸಕ್ಕರೆಯನ್ನು ಶೇ. 5ರ ಒಳಗೇ ಇಡಿ ಎಂದಿದೆ.

ಈ 50 ಮತ್ತು 25ರ ನಡುವಿನ ಅಂತರವನ್ನು ಭಾವನಿಗೆ ಬಿಡಿಸಿ ಹೇಳಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಮಾತು ದೃಢವಾದ ಶಿಫಾರಸು: ದೇಹದ ತೂಕ ಮತ್ತು ಹಲ್ಲಿನ ಹುಳುಕು, ಇವೆರಡರ ಬಗ್ಗೆ ಇದ್ದ ಪುರಾವೆ ಅದಕ್ಕೆ ಆಧಾರ. ಎರಡನೆಯದು ಷರತ್ತಿನ ಮೇಲಿನ ಶಿಫಾರಸು, ಏಕೆಂದರೆ ಅದರ ಹಿಂದಿನ ಪುರಾವೆ ತೆಳು. ಆ ಪುರಾವೆ ಬಂದ ದಾರಿ ಮಾತ್ರ ಮರೆಯುವಂಥದ್ದಲ್ಲ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಜಪಾನಿನಲ್ಲಿ ತಲೆಗೆ ವರ್ಷಕ್ಕೆ 15 ಕಿಲೋ ಸಕ್ಕರೆ ಖರ್ಚಾಗುತ್ತಿತ್ತು. ಯುದ್ಧ ಸರಬರಾಜನ್ನು ಕತ್ತರಿಸಿ 1946ರಲ್ಲಿ ಅದು 0.2 ಕಿಲೋಗೆ ಕುಸಿಯಿತು. ಸಕ್ಕರೆ ಇಳಿದಂತೆ ಹಲ್ಲಿನ ಹುಳುಕೂ ಇಳಿಯಿತು, ಶೇ. 5ರ ಕೆಳಗೂ ಇಳಿಯುತ್ತಲೇ ಹೋಯಿತು. ಯಾರೂ ಬೇಕೆಂದು ಮಾಡಿದ ಪ್ರಯೋಗವಲ್ಲ ಅದು, ಹಸಿವಿನ ಕಾಲದ ಲೆಕ್ಕ.

ಇನ್ನು 'ಮುಕ್ತ ಸಕ್ಕರೆ' ಎಂಬ ಮಾತು. ಇಡೀ ಹಣ್ಣಿನಲ್ಲಿರುವ ಸಿಹಿ, ಹಾಲಿನಲ್ಲಿರುವ ಸಿಹಿ ಇದರಲ್ಲಿ ಬರುವುದಿಲ್ಲ. ಅಡುಗೆಯವರು, ಕಾರ್ಖಾನೆಯವರು, ತಿನ್ನುವವರು, ಯಾರೇ ಬೆರೆಸಲಿ, ಬೆರೆಸಿದ ಸಕ್ಕರೆಯೆಲ್ಲ ಬರುತ್ತದೆ. ಜೇನುತುಪ್ಪ ಬರುತ್ತದೆ, ಪಾನಕಗಳು ಬರುತ್ತವೆ, ಹಿಂಡಿದ ಹಣ್ಣಿನ ರಸವೂ ಬರುತ್ತದೆ. ಬೆಲ್ಲಕ್ಕೆ ಇಲ್ಲಿ ವಿನಾಯಿತಿ ಇಲ್ಲ. ಇದನ್ನು ಹೇಳಿದಾಗ ಅಕ್ಕ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಬೆಲ್ಲವನ್ನೂ ಸಕ್ಕರೆಯ ಲೆಕ್ಕಕ್ಕೆ ಸೇರಿಸುತ್ತೀಯಾ? ಅದರಲ್ಲಿ ಕಬ್ಬಿಣಾಂಶ ಇದೆ ಅಂತ ನೀನೇ ಹೇಳಿದ್ದೆಯಲ್ಲ?"

ಹೇಳಿದ್ದೆ. ಇರುವುದೂ ನಿಜ. ಆದರೆ ಮಂಡ್ಯದ ಒಳ್ಳೆಯ ಅಚ್ಚು ಬೆಲ್ಲವೇ ಆದರೂ ನೂರು ಗ್ರಾಂನಲ್ಲಿ ಸುಮಾರು 85 ಗ್ರಾಂ ಸಕ್ಕರೆಯೇ. ಆ ಅಷ್ಟಿಷ್ಟು ಕಬ್ಬಿಣಕ್ಕಾಗಿ ಅಷ್ಟೊಂದು ಸಕ್ಕರೆಯನ್ನು ದೇಹದೊಳಗೆ ಕಳಿಸುವುದಕ್ಕಿಂತ ರಾಗಿ, ಸೊಪ್ಪು, ಕಾಳು ಮೇಲು. ಆಲೆಮನೆಯ ಮೇಲೆ ನನಗೆ ಪ್ರೀತಿ ಇದೆ. ಚಿಕ್ಕಂದಿನಲ್ಲಿ ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿಸಿಕೊಂಡು ತಿಂದ ರುಚಿ ನಾಲಗೆಯಲ್ಲಿ ಇನ್ನೂ ಇದೆ. ಆ ಪ್ರೀತಿಯಿಂದ ಬೆಲ್ಲದ ರಸಾಯನ ಬದಲಾಗುವುದಿಲ್ಲ.

ತಕ್ಕಡಿ ಹೇಳಿದ್ದು

ಒಂದು ಮಂಗಳವಾರದ ಲೆಕ್ಕ ಕೊಡುತ್ತೇನೆ. ಹಬ್ಬವಲ್ಲ, ಹರಿದಿನವಲ್ಲ, ಮನೆಗೆ ನೆಂಟರು ಬಂದಿರಲಿಲ್ಲ, ಭಾವ ಆ ದಿನ ಒಂದು ಚೂರು ಸಿಹಿತಿಂಡಿಯನ್ನೂ ಮುಟ್ಟಲಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿಗೆ ನಿಂಬೆರಸ, ಒಂದು ದೊಡ್ಡ ಚಮಚ ಜೇನುತುಪ್ಪ. ತೂಗಿದರೆ ಜೇನು 14 ಗ್ರಾಂ, ಅದರಲ್ಲಿ ಸಕ್ಕರೆ ಸುಮಾರು 11 ಗ್ರಾಂ. ಅಂದರೆ ನಡಿಗೆಗೆ ಹೊರಡುವ ಮುಂಚೆಯೇ 25 ಗ್ರಾಂನ ಮಿತಿಯಲ್ಲಿ ಹತ್ತಿರ ಹತ್ತಿರ ಅರ್ಧ ಮುಗಿದಿತ್ತು. ತೂಕ ಇಳಿಯಲಿ ಎಂದೇ ಅವರು ನಾಲ್ಕು ವರ್ಷಗಳಿಂದ ಇದನ್ನು ಕುಡಿಯುತ್ತಿದ್ದರು.

ಮನೆಯ ಕಾಫಿ ಎರಡು ಸಲ. ಡಿಕಾಕ್ಷನ್ನಿಗೆ ಹಾಲು ಬೆರೆಸಿ ಅಕ್ಕ ಬೆಲ್ಲದ ಪುಡಿ ಹಾಕುತ್ತಾಳೆ. "ಒಂದೇ ಚಮಚ" ಎಂದಳು. ಚಮಚ ಒಂದೇ, ಆದರೆ ಅದರ ಮೇಲೆ ಗೋಪುರದಂತೆ ಪುಡಿ ನಿಂತಿತ್ತು: 7 ಗ್ರಾಂ. ಹಿಂದೆ ಸಕ್ಕರೆ ಹಾಕುತ್ತಿದ್ದ ಕಾಲದ ಅಳತೆಯನ್ನು ಅದೇ ಚಮಚದಲ್ಲಿ ಮಾಡಿ ತೋರಿಸು ಎಂದೆ. ಪಕ್ಕದ ಮನೆಯಿಂದ ಒಂದು ಬಟ್ಟಲು ಸಕ್ಕರೆ ತಂದು ಮಾಡಿ ತೋರಿಸಿದಳು: 5 ಗ್ರಾಂ. ಬೆಲ್ಲ ಸಕ್ಕರೆಯಷ್ಟು ಸಿಹಿಯಲ್ಲ, ಹಾಗಾಗಿ ಕೈ ತಾನಾಗಿಯೇ ಹೆಚ್ಚು ಹಾಕುತ್ತದೆ. ಎರಡು ಲೋಟಕ್ಕೆ 14 ಗ್ರಾಂ ಬೆಲ್ಲ, 12 ಗ್ರಾಂ ಸಕ್ಕರೆ. ಸಕ್ಕರೆಯನ್ನೇ ಹಾಕಿದ್ದರೆ 10 ಆಗುತ್ತಿತ್ತು. ಈ ಒಂದು ತೂಕ ನೋಡಿದ ಮೇಲೆ ಅಕ್ಕ ತಕ್ಕಡಿಯ ಬಗ್ಗೆ ವಾದ ಮಾಡುವುದನ್ನು ಬಿಟ್ಟಳು. ನನಗಿಂತ ಮೊದಲೇ ಎದ್ದು ತಾನೇ ತೂಗತೊಡಗಿದಳು.

ಶಾಲೆಯ ಕ್ಯಾಂಟೀನಿನ ಚಹಾ ನನ್ನ ಕೈಗೆ ಸಿಗುವಂಥದ್ದಲ್ಲ. ಅಲ್ಲಿ ಚಹಾ, ಹಾಲು, ಸಕ್ಕರೆ ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಯುತ್ತವೆ. ಭಾವನಿಗೆ ಒಂದು ಉಪಾಯ ಹೇಳಿಕೊಟ್ಟೆ: ಒಂದು ಕಿಲೋ ಸಕ್ಕರೆಗೆ ಎಷ್ಟು ಲೋಟ ಚಹಾ ಏಳುತ್ತದೆ ಎಂದು ಕೇಳಿಕೊಂಡು ಬನ್ನಿ. ಕ್ಯಾಂಟೀನಿನವರು ಲೆಕ್ಕ ಇಟ್ಟುಕೊಂಡಿದ್ದರು, 120 ಲೋಟ ಎಂದರು. ಅಂದರೆ ಲೋಟಕ್ಕೆ 8 ಗ್ರಾಂಗಿಂತ ಸ್ವಲ್ಪ ಹೆಚ್ಚು. ದಿನಕ್ಕೆ ಎರಡು ಲೋಟ, 16 ಗ್ರಾಂ. ಇಡೀ ದಿನದ ಪಟ್ಟಿಯಲ್ಲಿ ಅತಿ ದೊಡ್ಡ ಮೊತ್ತ ಇದೇ. ಲೋಟ ಚಿಕ್ಕದು, ನಾಲ್ಕು ಗುಟುಕಿಗೆ ಮುಗಿಯುತ್ತದೆ. ಅದಕ್ಕೇ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಚಹಾದ ಜೊತೆ ನಾಲ್ಕು ಮಾರಿ ಬಿಸ್ಕತ್ತು, ಸುಮಾರು 5 ಗ್ರಾಂ.

ಊಟಕ್ಕೆ ಬಂದರೆ ಹುಳಿ. ನಮ್ಮ ಕಡೆ ಹುಳಿಗೆ, ಗೊಜ್ಜಿಗೆ, ಕೆಲವು ಪಲ್ಯಕ್ಕೂ ಬೆಲ್ಲ ಬೀಳುತ್ತದೆ. ಹುಣಸೆಹಣ್ಣು, ಖಾರ, ಉಪ್ಪಿನ ಜೊತೆ ಆ ಸಿಹಿ ಸೇರಿದರೇ ರುಚಿ ಕೂಡುತ್ತದೆ. ಅಕ್ಕ ಕಣ್ಣಳತೆಯಲ್ಲಿ ಹಾಕಿದ ಉಂಡೆ 21 ಗ್ರಾಂ ತೂಗಿತು. ಮೂರು ಜನ, ಎರಡು ಹೊತ್ತು: ಭಾವನ ಪಾಲಿಗೆ 7 ಗ್ರಾಂ ಬೆಲ್ಲ, 6 ಗ್ರಾಂ ಸಕ್ಕರೆ.

ರಾತ್ರಿ ಊಟದ ಮೇಲೆ ಜೀರ್ಣಕ್ಕೆ ಒಳ್ಳೆಯದೆಂದು ಒಂದು ಚೂರು ಬೆಲ್ಲ. ಚೂರಿನ ತೂಕ 12 ಗ್ರಾಂ, ಸಕ್ಕರೆ 10.

ಎಲ್ಲ ಕೂಡಿದರೆ 60 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಹೊರಗಿನ ಗೆರೆಯನ್ನೇ ದಾಟಿತ್ತು. ನಮ್ಮ ಪೋಷಣಾ ಸಂಸ್ಥೆಯ ಗೆರೆಯ ಸುಮಾರು ಎರಡೂವರೆ ಪಟ್ಟು. ವಾರಕ್ಕೆರಡು ಸಲ ಸಂಜೆ ಅಂಗಡಿಯಲ್ಲಿ ಕುಡಿಯುವ, ಸಕ್ಕರೆ ಹಾಕದ ಮೂಸಂಬಿ ರಸ ಇದರಲ್ಲಿ ಸೇರಿಲ್ಲ. ಅದನ್ನು ಸೇರಿಸಿದರೆ ಆ ದಿನಗಳಲ್ಲಿ ಇನ್ನೊಂದು 15 ಗ್ರಾಂ ಏರುತ್ತದೆ. ಮೂಸಂಬಿಯನ್ನು ಸುಲಿದು ತೊಳೆ ತಿಂದರೆ ನಾರು ಇರುತ್ತದೆ, ಒಂದಕ್ಕೇ ಸಾಕೆನಿಸುತ್ತದೆ. ಹಿಂಡಿದರೆ ಮೂರು ನಾಲ್ಕು ಹಣ್ಣಿನ ಸಿಹಿ ಒಂದೇ ನಿಮಿಷದಲ್ಲಿ ಒಳಗೆ.

ನಾನು ಬರೆದಿಟ್ಟ ಹಾಳೆಯನ್ನು ಭಾವ ಬಹಳ ಹೊತ್ತು ನೋಡುತ್ತ ಕೂತರು. ಲೆಕ್ಕಪತ್ರದ ಮನುಷ್ಯ, ಮೊತ್ತವನ್ನು ತಾವೇ ಇನ್ನೊಮ್ಮೆ ಕೂಡಿದರು. ಆಮೇಲೆ, "ಇಷ್ಟು ದಿನ ಎಲ್ಲರಿಗೂ ನಾನು ಸಕ್ಕರೆ ಬಿಟ್ಟಿದ್ದೇನೆ ಎಂದು ಹೇಳಿಕೊಂಡು ಬಂದೆ" ಎಂದರು. ಅವರು ಸುಳ್ಳು ಹೇಳಿರಲಿಲ್ಲ. ಬಿಳಿ ಬಣ್ಣವನ್ನು ಬಿಟ್ಟಿದ್ದರು. ಅದನ್ನೇ ಬಿಟ್ಟರೆ ಸಾಕು ಎಂದು ಅವರಿಗೆ ಹೇಳಿದವರು ನೂರು ಜನ, ಬೆಲ್ಲವನ್ನೂ ತೂಗಿ ನೋಡಿ ಎಂದವರು ಒಬ್ಬರೂ ಇಲ್ಲ. ನನ್ನಂಥವರ ಮೇಲೆ ನನಗೆ ಬೇಸರವಾದದ್ದು ಅಲ್ಲಿ.

ಟ್ರೈಗ್ಲಿಸರೈಡ್ ಏರಿದ್ದಕ್ಕೂ ಈ ಲೆಕ್ಕಕ್ಕೂ ಸಂಬಂಧವಿರಬಹುದು. ಸಕ್ಕರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಫ್ರಕ್ಟೋಸಿನ ಬಹುಪಾಲನ್ನು ಅರಗಿಸುವುದು ಯಕೃತ್ತು. ಬೇಕಾದ್ದಕ್ಕಿಂತ ಹೆಚ್ಚು ಬಂದರೆ ಯಕೃತ್ತು ಅದನ್ನು ಕೊಬ್ಬಾಗಿ ಮಾರ್ಪಡಿಸಿ ರಕ್ತಕ್ಕೆ ಬಿಡುತ್ತದೆ. ಜೇನಿನದೋ, ಬೆಲ್ಲದ್ದೋ, ಕ್ಯಾಂಟೀನಿನದ್ದೋ ಎಂಬ ಭೇದ ಅದಕ್ಕೆ ಗೊತ್ತಿಲ್ಲ.

ಪೊಟ್ಟಣದ ಮೇಲಿನ ಅಂಕಿ

ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಓದುವಾಗ ಭಾವನ ಕಣ್ಣಿಗೆ ಬಿದ್ದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ಒಟ್ಟು ಸಕ್ಕರೆ ಎಷ್ಟು, ಸೇರಿಸಿದ ಸಕ್ಕರೆ ಎಷ್ಟು ಎಂದು ಬೇರೆ ಬೇರೆಯಾಗಿ ಮುದ್ರಿಸಬೇಕು. ಒಂದು ಸಲ ತಿನ್ನುವ ಪ್ರಮಾಣ ದಿನದ ಮಿತಿಯ ಶೇಕಡಾ ಎಷ್ಟು ಎಂಬುದನ್ನೂ ಹೇಳಬೇಕು. ಒಳ್ಳೆಯ ನಿಯಮ. ಆದರೆ ಆ ಶೇಕಡಾವನ್ನು ಲೆಕ್ಕ ಹಾಕುವುದು ದಿನಕ್ಕೆ 50 ಗ್ರಾಂ ಸೇರಿಸಿದ ಸಕ್ಕರೆ ಎಂಬ ಆಧಾರದ ಮೇಲೆ. 5 ಗ್ರಾಂ ಇದ್ದರೆ ಪೊಟ್ಟಣ ಶೇ. 10 ಎನ್ನುತ್ತದೆ. 25 ಗ್ರಾಂ ಮಿತಿ ಇಟ್ಟುಕೊಂಡವರಿಗೆ ಅದೇ 5 ಗ್ರಾಂ ಶೇ. 20. ಪೋಷಣಾ ಸಂಸ್ಥೆಯ ಮಾತನ್ನು ಪಾಲಿಸಬೇಕೆಂದಿರುವವರು ಪೊಟ್ಟಣದ ಮೇಲಿನ ಶೇಕಡಾವನ್ನು ಎರಡರಿಂದ ಗುಣಿಸಿಕೊಳ್ಳಬೇಕು. ಒಂದೇ ದೇಶದ ಎರಡು ಸಂಸ್ಥೆಗಳು ಒಂದೇ ಗ್ರಾಹಕನಿಗೆ ಎರಡು ಗೆರೆ ತೋರಿಸುವುದು ಸರಿಯಲ್ಲ, ಇದು ಬದಲಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಣ್ಣಿನ ರಸದ ಡಬ್ಬದಲ್ಲಿ ಇನ್ನೊಂದು ತೊಡಕು. ಸಕ್ಕರೆ ಬೆರೆಸದ ರಸದಲ್ಲಿ 'ಸೇರಿಸಿದ ಸಕ್ಕರೆ' ಸೊನ್ನೆ ಎಂದೇ ಇರುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮಾತ್ರ ಆ ರಸದ ಸಿಹಿಯೆಲ್ಲ ಮುಕ್ತ ಸಕ್ಕರೆ. ರಸದ ಡಬ್ಬ ಕೊಳ್ಳುವಾಗ ಒಟ್ಟು ಸಕ್ಕರೆಯ ಸಾಲನ್ನೇ ನೋಡಬೇಕು.

ಮೊದಲ ಪ್ರಯತ್ನ ಕೆಟ್ಟದ್ದು

ಭಾವ ಹಟದ ಮನುಷ್ಯ. ಮರುದಿನದಿಂದಲೇ ಎಲ್ಲವನ್ನೂ ಸೊನ್ನೆ ಮಾಡುತ್ತೇನೆ ಎಂದರು. ಬೇಡ ಎಂದು ನಾನು ಹೇಳಬೇಕಿತ್ತು. ಅವರ ಉತ್ಸಾಹ ನೋಡಿ ಸುಮ್ಮನಿದ್ದೆ. ಅದು ನನ್ನ ತಪ್ಪು. ಕಹಿ ಕಾಫಿಯನ್ನು ಮುಖ ಕಿವುಚಿಕೊಂಡು ಕುಡಿದರು, ಮೂರನೆಯ ದಿನ ಕಾಫಿಯನ್ನೇ ಬಿಟ್ಟರು, ತಲೆನೋವು ಶುರುವಾಯಿತು. ಬೆಲ್ಲವಿಲ್ಲದ ಹುಳಿಯನ್ನು ಮನೆಯಲ್ಲಿ ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ನಾಲ್ಕನೆಯ ದಿನ ನೆಂಟರ ಮನೆಯ ಗೃಹಪ್ರವೇಶ. ಅಲ್ಲಿ ಎರಡು ಹೋಳಿಗೆಯ ಮೇಲೆ ಮೂರು ಮೈಸೂರು ಪಾಕು ತಿಂದು ಬಂದು, ರಾತ್ರಿಯೆಲ್ಲ ತಮ್ಮ ಮೇಲೆ ತಾವೇ ಸಿಟ್ಟು ಮಾಡಿಕೊಂಡರು.

ಭಾವನ ತಾಯಿಗೆ 76 ವರ್ಷ. ಅವರು ಮಗನನ್ನು ಕೂರಿಸಿಕೊಂಡು, "ಒಂದೇ ದಿನಕ್ಕೆ ಕಲಿತ ನಾಲಗೆಯಲ್ಲ ಕಣೋ ಇದು, ಒಂದೇ ದಿನಕ್ಕೆ ಮರೆಯುತ್ತದೆಯೇ?" ಎಂದರು. ಮುಂದೆ ನಾವು ಹಿಡಿದ ದಾರಿ ಅವರ ಆ ಮಾತಿನದೇ.

ಎರಡನೆಯ ಸಲ ಪಟ್ಟಿಯನ್ನು ಮುಂದಿಟ್ಟುಕೊಂಡು, ಯಾವುದು ಹೋದರೆ ಯಾರಿಗೂ ನೋವಾಗುವುದಿಲ್ಲ ಎಂದು ಒಂದೊಂದಾಗಿ ಕೇಳಿದೆವು. ಜೇನು ಮೊದಲು ಹೋಯಿತು. ಅದನ್ನು ಅವರು ರುಚಿಗಾಗಿ ಕುಡಿಯುತ್ತಿರಲಿಲ್ಲ, ಔಷಧಿಯೆಂದು ಕುಡಿಯುತ್ತಿದ್ದರು. ಬರೀ ಬಿಸಿನೀರು, ನಿಂಬೆ ಸಾಕಾಯಿತು. ಒಂದೇ ಏಟಿಗೆ 11 ಗ್ರಾಂ. ಮೂಸಂಬಿಯನ್ನು ಹಣ್ಣಾಗಿಯೇ ತಿನ್ನುವುದಕ್ಕೂ ಅವರು ಸುಲಭವಾಗಿ ಒಪ್ಪಿದರು.

ಕಾಫಿಯ ಬೆಲ್ಲವನ್ನು ಹತ್ತು ದಿನಕ್ಕೊಮ್ಮೆ ಒಂದೊಂದು ಗ್ರಾಂ ಇಳಿಸಿದೆವು. ಏಳರಿಂದ ಆರಕ್ಕೆ ಇಳಿದದ್ದು ಭಾವನಿಗೆ ಗೊತ್ತೇ ಆಗಲಿಲ್ಲ. ಐದಕ್ಕೆ ಇಳಿದಾಗ ಎರಡು ದಿನ ಗೊಣಗಿದರು. ನಾಲ್ಕಕ್ಕೆ ಬರುವ ಹೊತ್ತಿಗೆ ಕ್ಯಾಂಟೀನಿನ ಚಹಾ ತೀರಾ ಸಿಹಿ ಎನಿಸುತ್ತಿದೆ ಎಂದು ತಾವಾಗಿಯೇ ಹೇಳಿದರು. ನನಗೆ ಅತಿ ಸಂತೋಷ ಕೊಟ್ಟ ಮಾತು ಅದು. ಯಾವ ಪರೀಕ್ಷೆಯ ಅಂಕಿಗಿಂತಲೂ ಹೆಚ್ಚು. ಈ ಅಳತೆಗಾಗಿ ಅಕ್ಕ ಉಪ್ಪಿನ ಡಬ್ಬಿಯ ಪುಟ್ಟ ಚಮಚವನ್ನು ಬೆಲ್ಲದ ಡಬ್ಬಿಗೆ ಹಾಕಿದಳು. ಅದರಲ್ಲಿ ಗೋಪುರ ಕಟ್ಟಿದರೂ 4 ಗ್ರಾಂ ದಾಟುವುದಿಲ್ಲ.

ಕ್ಯಾಂಟೀನಿನ ಎರಡು ಚಹಾದಲ್ಲಿ ಒಂದರ ಬದಲಿಗೆ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ಹೋಗುತ್ತದೆ, ಅದಕ್ಕೂ 4 ಗ್ರಾಂ ಬೆಲ್ಲ. ಬಿಸ್ಕತ್ತು ನಾಲ್ಕರಿಂದ ಎರಡಕ್ಕೆ ಇಳಿಯಿತು, ಜೊತೆಗೆ ಒಂದು ಹಿಡಿ ಹುರಿಗಡಲೆ. ಊಟದ ಮೇಲಿನ ಬೆಲ್ಲದ ಚೂರು ಅರ್ಧವಾಯಿತು. ಹುಳಿಯನ್ನು ನಾವು ಮುಟ್ಟಲಿಲ್ಲ. "ಅದಕ್ಕೆ ಬೆಲ್ಲ ಬೀಳದಿದ್ದರೆ ಅದು ಹುಳಿಯಲ್ಲ, ಬೇರೆ ಏನಾದರೂ ಹೆಸರಿಡು" ಎಂದಳು ಅಕ್ಕ. ಅವಳ ಮಾತೇ ಸರಿ ಎನಿಸಿತು. ಎರಡು ಹೊತ್ತಿನ ಊಟಕ್ಕೆ ರುಚಿ ಕೊಡುವ 6 ಗ್ರಾಂ ಅದು, ದಂಡವಾಗುವ ಸಕ್ಕರೆಯಲ್ಲ. ಮಿತಿ ಎಂದರೆ ಎಲ್ಲವನ್ನೂ ತೆಗೆಯುವುದಲ್ಲ. ಖರ್ಚು ಎಲ್ಲಿ ಮಾಡಬೇಕೆಂದು ಆರಿಸಿಕೊಳ್ಳುವುದು.

ಭಾವನ ತಾಯಿಯ ಕಾಫಿಯ ತಂಟೆಗೂ ಹೋಗಲಿಲ್ಲ. ಅವರ ಊಟವೇ ಒಂದು ಹಿಡಿ. ಅವರಿಗೆ ಸಕ್ಕರೆ ಕಾಯಿಲೆ ಇಲ್ಲ, ತೂಕ ಕಡಿಮೆಯಾಗುತ್ತಿದೆ. ಅವರ ಸಮಸ್ಯೆ ಬೇರೆ, ಅವರಿಗೆ ಬೇಕಾದದ್ದು ಬೇಳೆ, ಹಾಲು; ಮೊಟ್ಟೆ ತಿನ್ನದವರಾದ್ದರಿಂದ ಇನ್ನಷ್ಟು ಮೊಸರು. ಹಾಗೆಯೇ, ಈಗಾಗಲೇ ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಪಟ್ಟಿಯನ್ನು ನೋಡಿ ತಾವಾಗಿಯೇ ಸಕ್ಕರೆ ಕತ್ತರಿಸಬಾರದು. ಔಷಧಿಯ ಪ್ರಮಾಣ ಹಾಗೇ ಉಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೊದಲು ವೈದ್ಯರ ಜೊತೆ ಮಾತಾಡಬೇಕು.

ಮೂರು ತಿಂಗಳ ನಂತರ

ಈಗಿನ ಲೆಕ್ಕ ಹೀಗಿದೆ: ಮೂರು ಕಾಫಿಗೆ 10 ಗ್ರಾಂ, ಒಂದು ಕ್ಯಾಂಟೀನ್ ಚಹಾ 8, ಹುಳಿ 6, ಬೆಲ್ಲದ ಚೂರು 5, ಬಿಸ್ಕತ್ತು ಎರಡೂವರೆ. ಒಟ್ಟು ಮೂವತ್ತೊಂದೂವರೆ. 50ರ ಗೆರೆಯೊಳಗೆ ಆರಾಮವಾಗಿ ಬಂದಿದ್ದಾರೆ, 25ಕ್ಕೆ ಇನ್ನೂ ತಲುಪಿಲ್ಲ. ಹಬ್ಬದ ದಿನ ಈ ಲೆಕ್ಕ ಇಡುವುದಿಲ್ಲ. ಯುಗಾದಿಯ ಹೋಳಿಗೆಯನ್ನು ತಕ್ಕಡಿಗೆ ಹಾಕುವ ಮನಸ್ಸು ನನಗೂ ಇಲ್ಲ.

ಮರುಪರೀಕ್ಷೆಯಲ್ಲಿ ಎಚ್‌ಬಿಎ1ಸಿ 5.9ಕ್ಕೆ, ಟ್ರೈಗ್ಲಿಸರೈಡ್ 181ಕ್ಕೆ ಇಳಿದಿದೆ. ತೂಕ ಎರಡು ಕಿಲೋ ಕಡಿಮೆ. ಇದೆಲ್ಲ ಸಕ್ಕರೆ ಇಳಿಸಿದ್ದರಿಂದಲೇ ಎಂದು ಹೇಳಲಾರೆ. ಈ ಮೂರು ತಿಂಗಳಲ್ಲಿ ಭಾವನ ನಡಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಗೆ ಏರಿದೆ, ರಾತ್ರಿಯ ಅನ್ನ ಒಂದು ಸೌಟು ಕಡಿಮೆಯಾಗಿದೆ. ಒಬ್ಬ ಮನುಷ್ಯನ ಒಂದು ಲೆಕ್ಕದಿಂದ ಕಾರಣವನ್ನು ಬೇರ್ಪಡಿಸಿ ತೋರಿಸಲು ಆಗುವುದಿಲ್ಲ.

ಉಳಿದ ಆರೂವರೆ ಗ್ರಾಂ ಎಲ್ಲಿಂದ ತೆಗೆಯುವುದು ಎಂದು ಹೋದ ಭಾನುವಾರ ಮತ್ತೆ ಕೂತೆವು. ನಾನು ಕ್ಯಾಂಟೀನಿನ ಚಹಾದ ಸಾಲಿನ ಮೇಲೆ ಬೆರಳಿಟ್ಟೆ. ಭಾವ ತಲೆಯಾಡಿಸಿದರು. "ಇದನ್ನು ನಾನು ಒಬ್ಬನೇ ಕುಡಿಯುವುದಲ್ಲ. ನಮ್ಮ ಗುಮಾಸ್ತರು, ನಾನು, ಇಬ್ಬರೂ ಹನ್ನೊಂದು ಗಂಟೆಗೆ ಎದ್ದು ಹೋಗಿ ಕುಡಿಯುತ್ತೇವೆ, ಹದಿನೆಂಟು ವರ್ಷದಿಂದ. ಬೇರೆ ಯಾವುದಾದರೂ ತೆಗೆ" ಎಂದರು. ಚಹಾದ 8 ಗ್ರಾಂ ಹಾಗೇ ಉಳಿಯಿತು. ಊಟದ ಮೇಲಿನ ಬೆಲ್ಲದ ಚೂರನ್ನು ಅವರೇ ಹೊಡೆದುಹಾಕಿ, ಹಾಳೆಯ ಅಂಚಿನಲ್ಲಿ ಹೊಸ ಮೊತ್ತ ಬರೆದರು: ಇಪ್ಪತ್ತಾರೂವರೆ.